ಎರಡು ದಿನ ಬರುತ್ತೆ ಅಂದಿದ್ದೆ

ಚಾರ್ಜು ಹದಿನಾಲ್ಕು, ಆಗಲೂ ಹದಿನಾಲ್ಕೇ ಈಗಲೂ ಹದಿನಾಲ್ಕೇ, ಹಸಿರು ಗೀಟು ಮಾತ್ರ ಕೆಳಗಿಂದ ಮೇಲಕ್ಕೆ ಹತ್ತಿ ಮತ್ತೆ ಕೆಳಗೆ ಬಂದು ತುಂಬ್ತಿದೀನಿ ತುಂಬ್ತಿದೀನಿ ಅಂತ ನಾಟಕ ಆಡ್ತಿದೆ, ಅಕ್ಕನ ಫೋನು, ಕವರಿನ ಮೂಲೇಲಿ ಬೈಂಡಿಂಗ್ ಅಂಟಿನ ಕಲೆ, ಉಗುರಲ್ಲಿ ಕೆರೆದ್ರೂ ಬರಲ್ಲ, ಅವಳ ಬೆರಳಿಂದಲೂ ಬರಲ್ಲ, ಒಂಬತ್ತು ವರ್ಷದಿಂದ ಪ್ರೆಸ್ಸಿನ ಹಿಂದಿನ ರೂಮಲ್ಲಿ ಕೂತು ಪುಸ್ತಕ ಹೊಲಿದು ಅಂಟು ಹಚ್ಚಿ ರಟ್ಟು ಕೂರಿಸೋ ಕೈ ಅದು — ಒಂದು ಗಂಟೆಗೆ ಬರ್ತಾಳೆ, ಊಟದ ಬಿಡುವಲ್ಲಿ, ಫೋನ್ ತಗೊಂಡು ಹೋಗೋಕೆ, ಈಗ ಹನ್ನೆರಡೂ ಇಪ್ಪತ್ತು, ಅಂಗಡಿ ಬಾಗಿಲಿನ ಗಾಜಿನಾಚೆ ನಿಂತು ಮೊದಲು ಗದ್ದ ಎತ್ತಿ ಎರಡೂ ಅಂಗೈ ಬಿಚ್ತಾಳೆ, ಏನಾಗಿತ್ತು ಇದಕ್ಕೆ, ಅಂತ, ಅವಳಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಬಾಯಿಮಾತೂ ಇಲ್ಲ, ಮಾತೆಲ್ಲ ಕೈಯಲ್ಲೇ, ಆಮೇಲೆ ನಾನು ಉತ್ತರ ಹೇಳ್ಬೇಕು, ಬ್ಯಾಟರಿ ಅಂದುಬಿಟ್ರೆ ಮುಗೀತು, ನಂಬ್ತಾಳೆ, ಪ್ರೂಫ್ ಬೇರೆ ಇದೆ ನನ್ನ ಹತ್ರ, ಸೇಲ್ ವಾರ ಅಂತ ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆಗೆದು ಮೊದಲು ಮಾಡಿದ ಕೆಲಸವೇ ಅದು, ನೂರಕ್ಕೆ ನೂರು ತುಂಬಿದ್ದ ಅವಳ ಫೋನಿಂದ ವೈರ್ ಕಿತ್ತು, ಟೇಬಲ್ ಮೇಲಿನ ಡೆಮೊ ಫೋನಿಗೆ ವಿಡಿಯೋ ಕಾಲ್ ಹಾಕಿ, ಎರಡನ್ನೂ ಎದುರುಬದುರು ನಿಲ್ಲಿಸಿದ್ದೆ, ಜಗಳ ಆಡಿ ಮಾತು ಬಿಟ್ಟ ಗಂಡ ಹೆಂಡತಿ ಹಾಗೆ ಒಂದರ ಮುಖ ಒಂದು ನೋಡ್ತಾ ಕೂತಿದ್ವು, ಹನ್ನೊಂದೂ ಐವತ್ತಕ್ಕೆ ಅಕ್ಕನ ಫೋನು ಢಮಾರ್, ಮೂರು ಗಂಟೆ ಐವತ್ತು ನಿಮಿಷ, ಚೀಟಿ ಮೇಲೆ ಬರೆದಿಟ್ಟಿದೀನಿ, ಎಂಟರಿಂದ ಹನ್ನೊಂದೂ ಐವತ್ತು, ಕೆಳಗೆ ಎರಡು ಗೀಟು ಎಳೆದು, ಸಿಕ್ಕಿಬಿದ್ದ ಕಳ್ಳನ ಹೆಸರು ಬರೆಯೋ ಪೊಲೀಸ್ ಹಾಗೆ ಖುಷಿಯಾಗಿತ್ತು, ಎರಡು ದಿನ ಅಂತೆ, ಎರಡು ದಿನ, ಮೂರು ಗಂಟೆ ಐವತ್ತು ನಿಮಿಷಕ್ಕೆ ಎರಡು ದಿನ ಅಂತ ಹೆಸರಿಟ್ಟೋರು ಯಾರು — ಕಾಲು ಗಂಟೆ ಹಿಂದಿನವರೆಗೂ ನಾನು ಎಷ್ಟು ಆರಾಮಾಗಿದ್ದೆ.

ನಂಬಿದ್ದು ತಪ್ಪಾ, ಈ ಅಂಗಡೀಲಿ ನಿಂತ ಯಾರಾದ್ರೂ ನಂಬ್ತಾರೆ, ಟೇಬಲ್ ಮೇಲೆ ಎಂಟು ಡೆಮೊ ಫೋನು, ಒಂದೊಂದರ ಬೆನ್ನಿಗೂ ವೈರ್, ಕಳ್ಳರು ಎತ್ಕೊಂಡು ಹೋಗಬಾರದು, ಚಾರ್ಜೂ ಇಳೀಬಾರದು, ಎರಡಕ್ಕೂ ಒಂದೇ ವೈರ್, ಗೂಟಕ್ಕೆ ಕಟ್ಟಿದ ಕರು ಥರ ಮೇಯ್ತಾನೇ ಇರ್ತವೆ, ಯಾವಾಗ ನೋಡಿದ್ರೂ ನೂರು, ಬೆಳಿಗ್ಗೆ ಬಟ್ಟೇಲಿ ಒರೆಸುವಾಗಲೂ ನೂರು, ಸಂಜೆ ಶಟರ್ ಎಳೆಯುವಾಗಲೂ ನೂರು, ನನ್ನ ಸ್ವಂತ ಫೋನೂ ಕೌಂಟರ್ ಕೆಳಗೆ ವೈರ್ ಬಾಯಲ್ಲಿ ಇಟ್ಕೊಂಡೇ ಇರುತ್ತೆ, ಒಂದೂವರೆ ವರ್ಷ ಆಯ್ತು ಇಲ್ಲಿ ಸೇರಿ, ಒಂದು ಫೋನು ಇಳಿಯೋದನ್ನ ನಾನು ಕಣ್ಣಾರೆ ನೋಡಿಲ್ಲ, ದಿನಕ್ಕೆ ನಲವತ್ತು ಜನಕ್ಕೆ ಎರಡು ದಿನ ಬರುತ್ತೆ ಸರ್ ಎರಡು ದಿನ ಬರುತ್ತೆ ಮೇಡಂ ಅಂತೀನಿ, ಹೇಳಿ ಹೇಳಿ ನಾಲಿಗೆಗೆ ಅಭ್ಯಾಸ ಆಗಿ ಆಮೇಲೆ ತಲೆಗೂ ಅದೇ ನಿಜ ಆಗಿಹೋಯ್ತು, ಯಜಮಾನ್ರು ಗಲ್ಲಾಪೆಟ್ಟಿಗೆ ಹಿಂದಿಂದ ನಗ್ತಾರೆ, ಲೇ ನಿನ್ನ ಬಾಯಿಗೆ ಯಾವ ಬ್ಯಾಟರಿ ಹಾಕಿದಾರೋ, ಅದನ್ನ ಕಂಪನಿಯವರಿಗೆ ತೋರ್ಸು, ಅವರೂ ಕಲೀಲಿ, ನಾನೂ ನಗ್ತೀನಿ, ಹೊಗಳಿಕೆ ಅಂದ್ಕೊಂಡು, ಅಮ್ಮ ಇದನ್ನೇ ಬೇರೆ ಥರ ಹೇಳ್ತಾಳೆ, ಒಂದೇ ಹೊಟ್ಟೇಲಿ ಹುಟ್ಟಿದೋರು, ಅವಳ ಪಾಲಿನ ಮಾತೂ ನೀನೇ ಬಾಚ್ಕೊಂಡು ಬಂದೆ ಕಣೋ, ಅದಕ್ಕೆ ಅಕ್ಕ ನನಗೆ ಇಟ್ಟಿರೋ ಹೆಸರು ಐದೂ ಬೆರಳು ಜೋಡಿಸಿ ಕೊಕ್ಕಿನ ಥರ ತೆಗೆದು ಮುಚ್ಚಿ ತೆಗೆದು ಮುಚ್ಚಿ, ವಟವಟ, ಬೇರೆಯವರ ಮುಂದೆ ಹಾಗೆ ಕರೆದ್ರೆ ನನಗೆ ಸಿಟ್ಟು, ಮನೇಲಿ ಕರೆದ್ರೆ ಸರಿ — ಪೋಸ್ಟರ್ ಇಲ್ಲೇ ಇದೆ ನನ್ನ ತಲೆ ಮೇಲೆ, ಫ್ರೇಮಲ್ಲಿ, ಒಂದೇ ಚಾರ್ಜ್ ಎರಡು ದಿನ, ಆ ಎರಡರ ಪಕ್ಕ ಸಣ್ಣದೊಂದು ನಕ್ಷತ್ರ, ನಕ್ಷತ್ರದ ಅರ್ಥ ಕೆಳಗಿರುತ್ತೆ ಅನ್ನೋದು ಶಾಲೆಗೆ ಹೋಗಿರೋ ಯಾರಿಗಾದ್ರೂ ಗೊತ್ತು, ಕೆಳಗೆ ಇತ್ತು ಕೂಡ, ಇರುವೆ ಸಾಲಿನಂಥ ಅಕ್ಷರ, ಪೋಸ್ಟರ್ ಉದ್ದ ಆಯ್ತು, ಫ್ರೇಮ್ ಗಿಡ್ಡ, ಸ್ಕೇಲ್ ಇಟ್ಟು ಬ್ಲೇಡಲ್ಲಿ ಎರಡು ಬೆರಳಗಲ ಕುಯ್ದು ಕಸದಬುಟ್ಟಿಗೆ ಹಾಕಿದೋನು ನಾನೇ, ನೀಟಾಗಿ ಕೂತಿದೆ ನೋಡಿ ಸರ್ ಅಂತ ಯಜಮಾನ್ರಿಗೆ ತೋರ್ಸಿ ಶಭಾಷ್ ಅನ್ನಿಸ್ಕೊಂಡೆ, ನಿನ್ನೆ ಗೋಡೌನಲ್ಲಿ ಇನ್ನೊಂದು ಸುರುಳಿ ಬಿಚ್ಚಿ ಓದಿದೆ, ಕಂಪನಿಯ ಪರೀಕ್ಷಾ ಕೊಠಡೀಲಿ, ಸಿಮ್ ಇಲ್ಲದೆ, ಬೆಳಕು ಕನಿಷ್ಠ ಇಟ್ಟು, ಹಾಡು ಮಾತ್ರ ಕೇಳಿಸಿದಾಗ, ಅಂದ್ರೆ ಫೋನನ್ನ ಫೋನ್ ಅಂತ ಬಳಸದೇ ಇದ್ರೆ ಎರಡು ದಿನ, ಹಾಡು ಮಾತ್ರ, ಅಕ್ಕನಿಗೆ ಹಾಡು, ಅವಳಿಗೆ ಬೇಕಿದ್ದಿದ್ದು ಒಂದೇ ಒಂದು, ಮುಖ ಕಾಣೋ ಕರೆ, ಕೈ ಕಾಣೋ ಕರೆ, ಅದೇ ಬ್ಯಾಟರೀನ ಎಲ್ಲಕ್ಕಿಂತ ಜಾಸ್ತಿ ಕುಡಿಯೋದು, ಅಷ್ಟು ಯೋಚನೆ ಮಾಡೋಕೆ ನನಗೆ ಅರ್ಧ ನಿಮಿಷ ಸಾಕಿತ್ತು, ಐದು ತಿಂಗಳಿಗೆ ಮುಂಚೆ ಅವಳನ್ನ ಇದೇ ಟೇಬಲ್ ಮುಂದೆ ನಿಲ್ಲಿಸಿ ಇದೇ ತಗೋ ಇದೇ ತಗೋ ಅಂತ ಕೈ ಕುಣಿಸಿದಾಗ ಆ ಅರ್ಧ ನಿಮಿಷ ಎಲ್ಲಿತ್ತು, ಎರಡು ಬೆರಳು ತೋರ್ಸಿ, ಕೆನ್ನೆಗೆ ಅಂಗೈ ಇಟ್ಟು ಮಲಗಿದ ಹಾಗೆ ಒಂದು ಸಲ, ಇನ್ನೊಂದು ಸಲ, ಎರಡು ರಾತ್ರಿ, ಎರಡು ದಿನ, ಅವಳು ಹುಬ್ಬು ಎತ್ತಿದ್ಲು, ನಿಜವಾ, ನಾನು ಎದೆ ತಟ್ಕೊಂಡೆ.

ಮೊನ್ನೆ ಬೆಳಿಗ್ಗೆಯೂ ಅದೇ ಕೆನ್ನೆ, ಅದೇ ಅಂಗೈ, ಅವತ್ತು ಅಕ್ಕನ ಇಂಟರ್‌ವ್ಯೂ, ಹಳೇ ಲೈಬ್ರರೀಲಿ ಹರಿದ ಪುಸ್ತಕ ರಿಪೇರಿ ಮಾಡೋ ವಿಭಾಗಕ್ಕೆ ಒಂದೇ ಒಂದು ಕೆಲಸ, ಇದ್ದ ಅಜ್ಜ ರಿಟೈರ್ ಆಗಿ ಜಾಗ ಖಾಲಿ ಆಗಿದ್ದು, ಹನ್ನೆರಡು ವರ್ಷಕ್ಕೊಮ್ಮೆ ಖಾಲಿ ಆಗೋ ಜಾಗ ಅದು, ಅಕ್ಕ ಆ ಇಂಟರ್‌ವ್ಯೂ ಕಾಗದ ಬಂದ ದಿನ ಅದನ್ನ ಮಡಿಸಿದ ರೀತಿ ನೋಡ್ಬೇಕಿತ್ತು, ಅಂಚಿಗೆ ಅಂಚು ಕೂರಿಸಿ, ಉಗುರಲ್ಲಿ ಗೆರೆ ಎಳೆದು, ಪ್ರೆಸ್ಸಲ್ಲಿ ಬರೀ ನೋಟ್‌ಬುಕ್ಕು ಬಿಲ್‌ಬುಕ್ಕು ಹೊಲಿದು ಹೊಲಿದು ಸಾಕಾಗಿದೆ, ಇಲ್ಲಿ ನೂರು ವರ್ಷದ ಪುಟ ಮುಟ್ಟಬಹುದು, ಅಂತ ಕೈಯಲ್ಲಿ ಹೇಳಿದ್ಲು, ನೂರು ವರ್ಷ ಅನ್ನೋಕೆ ಬೆನ್ನು ಬಗ್ಗಿಸಿ ಗಡ್ಡ ನೀವಿಕೊಂಡು ನಮ್ಮಿಬ್ಬರನ್ನೂ ನಗಿಸಿದ್ಲು, ಅಮ್ಮ ಜೊತೆಗೆ ಹೋಗೋ ಅಂದ್ಲು, ಅವಳ ಮಾತು ಅವರಿಗೆ ತಿಳಿಯೋದು ಹೇಗೆ, ಹೋಗ್ಬಹುದಿತ್ತು, ಸೇಲ್ ವಾರ ರಜಾ ಇಲ್ಲ ಅಂದಿದ್ದು ಅರ್ಧ ನಿಜ, ಇನ್ನರ್ಧ ನನಗೆ ತೋರಿಸ್ಬೇಕಿತ್ತು, ಈಗಿನ ಕಾಲದಲ್ಲಿ ಜೊತೆಗೆ ಹೋಗೋದೇನಮ್ಮ, ಅವಳು ಅಲ್ಲಿ ಫೋನ್ ನಿಲ್ಲಿಸಿ ಕೈಯಲ್ಲಿ ಹೇಳ್ತಾಳೆ, ನಾನು ಇಲ್ಲಿ ನೋಡಿ ಬಾಯಲ್ಲಿ ಹೇಳ್ತೀನಿ, ಸ್ಪೀಕರಲ್ಲಿ ಅವರು ಕೇಳಿಸ್ಕೊಳ್ತಾರೆ, ಎಷ್ಟು ಸುಲಭ, ಅಮ್ಮ ಏನೋಪ್ಪ ಅಂದ್ಲು, ಬ್ಯಾಗಿಗೆ ಅಕ್ಕ ಎಲ್ಲ ಹಾಕ್ಕೊಂಡಿದ್ಲು, ಸರ್ಟಿಫಿಕೇಟು, ತಾನು ಹೊಲಿದ ಒಂದು ಪುಟ್ಟ ಪುಸ್ತಕ, ಕಾಗದ ಮಡಿಸಿ ಒತ್ತೋ ಮೂಳೆಯ ಪಟ್ಟಿ, ನೀರಿನ ಬಾಟ್ಲಿ, ಚಾರ್ಜರ್, ಚಾರ್ಜರ್, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಚಾರ್ಜರ್, ನಾನು ಅದನ್ನ ಹೊರಗೆ ತೆಗೆದೆ, ನಾನೇ ತೆಗೆದೆ, ಬೇಡ ಅಂದೆ, ಭಾರ ಯಾಕೆ, ಎರಡು ಬೆರಳು, ಕೆನ್ನೆಗೆ ಅಂಗೈ, ಇನ್ನೊಂದು ಸಲ, ಅವಳು ಮತ್ತೆ ಒಳಗೆ ಹಾಕಿದ್ಲು, ನಾನು ಮತ್ತೆ ತೆಗೆದು ಕಪಾಟಿನ ಮೇಲೆ ಎಸೆದೆ, ಅವಳಿಗೆ ಎಟುಕದಷ್ಟು ಎತ್ತರಕ್ಕೆ, ತಮಾಷೆಗೆ, ನಕ್ಕಳು, ಇನ್ನೂ ಅಲ್ಲೇ ಇದೆ ಅದು, ಯಾರೂ ತೆಗೆದಿಲ್ಲ, ನಿನ್ನೆ ರಬ್ಬರ್ ಬ್ಯಾಂಡಿನ ತುದಿ ನೇತಾಡ್ತಿದ್ದದ್ದು ಕಾಣಿಸ್ತು.

ಹನ್ನೊಂದಕ್ಕೆ ಅಂತ ಕರೆದೋರು ಎರಡೂಕಾಲಿನವರೆಗೆ ಕಾಯಿಸಿದ್ರು, ಅದು ನನ್ನ ತಪ್ಪಲ್ಲ, ಆದ್ರೆ ಆ ಮೂರು ಗಂಟೇಲಿ ಐದು ಸಲ ವಿಡಿಯೋ ಕಾಲ್ ಮಾಡಿದೋನು ನಾನು, ಕರೆದ್ರಾ, ಇನ್ನೂ ಇಲ್ವಾ, ಎಷ್ಟು ಜನ ಇದಾರೆ, ಇಂಟರ್‌ವ್ಯೂ ಮಾಡೋ ಮೇಡಂ ಹೇಗಿದಾರೆ ನೋಡೋಕೆ, ಅಕ್ಕ ಪ್ರತಿ ಸಲ ಕಿಟಕಿ ಬೆಳಕಿಗೆ ಹೋಗಿ ನಿಂತು ಉತ್ತರ ಕೊಟ್ಲು, ಆಮೇಲೆ ಕೊಕ್ಕು ಮುಚ್ಚೋ ಸನ್ನೆ ಮಾಡಿದ್ಲು, ಸಾಕು ವಟವಟ, ಒಳಗೆ ಕರೆದಾಗ ಫೋನ್ ಮೇಲೆ ಹದಿನಾಲ್ಕು ಅಂತ ತೋರ್ಸಿ ಗಾಬರಿ ಮುಖ ಮಾಡಿದ್ಲು, ಏನಾಗಲ್ಲ ಅಂದೆ, ಹದಿನಾಲ್ಕು ಅಂದ್ರೆ ಜಾಸ್ತಿನೇ, ಪೋಸ್ಟರ್ ಲೆಕ್ಕದಲ್ಲಿ ಹದಿನಾಲ್ಕಕ್ಕೆ ಆರೂಮುಕ್ಕಾಲು ಗಂಟೆ, ಲೆಕ್ಕ ನೋಡು ನಂದು, ಎಷ್ಟು ಚುರುಕು — ಮೇಡಂ ಧ್ವನಿ ಚೆನ್ನಾಗಿತ್ತು, ನಿಧಾನ, ವಯಸ್ಸಾದ ಟೀಚರ್ ಥರ, ಮೊದಲ ಮೂರು ಪ್ರಶ್ನೆಗೆ ಎಷ್ಟು ಚೆನ್ನಾಗಿ ಹೋಯ್ತು, ಅಕ್ಕ ಕೈ ಆಡಿಸ್ತಾ ಇದ್ರೆ ನಾನು ಹಿಂದೆಹಿಂದೇನೇ ಓಡಿದೆ, ಯಾವ ದಾರ, ಎಷ್ಟು ತೂತು, ಹುಳ ಹಿಡಿದಿದ್ರೆ ಮೊದಲು ಏನು ಮಾಡ್ತೀಯ, ಮೇಡಂ ಹೂಂ ಹೂಂ ಅಂತಿದ್ರು, ಆ ಹೂಂ ಇನ್ನೂ ಕಿವೀಲಿದೆ, ಆಮೇಲೆ ನಾಲ್ಕನೇದು, ನಾನು ಅದನ್ನ ಕೈಯಲ್ಲಿ ಅವಳಿಗೆ ದಾಟಿಸಿದೆ, ಪುಟದ ಮೂಲೆ ಹರಿದು ಹೋಗಿದೆ, ಹರಿದ ಚೂರು ಕಳೆದೇಹೋಗಿದೆ, ಅದರ ಮೇಲಿದ್ದ ಅಕ್ಷರಗಳೂ ಹೋಗಿವೆ, ಏನು ಮಾಡ್ತೀಯಮ್ಮ, ಅಕ್ಕ ಒಂದು ಕ್ಷಣ ನಕ್ಕಳು, ಬರ್ಲಿ ಅಂತ ಕಾಯ್ತಿದ್ದ ಪ್ರಶ್ನೆ ಬಂದ ಹಾಗೆ, ಎಡಗೈ ಚಪ್ಪಟೆ ಮಾಡಿ ಹಿಡಿದ್ಲು, ಅದು ಪುಟ, ಬಲಗೈ ಆ ಎಡಗೈಯ ಮೂಲೆಯಿಂದ ಮೇಲೆದ್ದು ಎದೆ ಎತ್ತರಕ್ಕೆ ಬಂತು, ಬೆರಳು ಒಂಚೂರು ಬಾಗಿ, ಏನನ್ನೋ ಹಗುರವಾಗಿ ಹಿಡಿದ ಹಾಗೆ — ಅಷ್ಟೇ. ಚಿತ್ರ ನಿಂತುಹೋಯ್ತು. ಎಡಗೈ ಪುಟ, ಬಲಗೈ ಅರ್ಧಕ್ಕೆ. ನಾಲ್ಕೋ ಐದೋ ಸೆಕೆಂಡು ಹಾಗೇ ಇತ್ತು, ನೆಟ್‌ವರ್ಕ್ ಅಂದ್ಕೊಂಡೆ, ಆಮೇಲೆ ಪರದೆ ಕಪ್ಪು, ಕಪ್ಪಲ್ಲಿ ನನ್ನದೇ ಮುಖ.

ಒಂದು ನಿಮಿಷವೂ ಆಗಿರ್ಲಿಲ್ಲ ನಾನು ಆಫೀಸಿನ ನಂಬರಿಗೆ ಮಾಡಿದಾಗ, ಇಂಟರ್‌ವ್ಯೂ ಕಾಗದದ ತಲೇಲಿ ಬರೆದಿದ್ದ ನಂಬರು, ಅವರ ಟೇಬಲ್ ಮೇಲಿನ ವೈರಿನ ಲ್ಯಾಂಡ್‌ಲೈನು, ಮೇಡಮ್ಮೇ ಎತ್ತಿದ್ರು, ಬ್ಯಾಟರಿ ಹೋಗಿರ್ಬೇಕು ಮೇಡಂ ಸಾರಿ ಸಾರಿ ಅಂದೆ, ಪರವಾಗಿಲ್ಲಪ್ಪ, ಒಂದು ನಿಮಿಷ ಇರು, ಅವರಿಗೆ ಪೇಪರ್ ಪೆನ್ಸಿಲ್ ಕೊಡ್ತೀನಿ, ಬರೀಲಿ, ಇಲ್ಲ ಚಿತ್ರ ಬಿಡಿಸ್ಲಿ, ಅಂದ್ರು, ಎಷ್ಟು ಸರಿಯಾದ ಮಾತು, ಅಕ್ಕ ನಾಲ್ಕು ಸಾಲು ಬರೆಯೋಕೆ ಕಾಲು ಗಂಟೆ ತಗೊಳ್ತಾಳೆ, ಶಾಲೇಲಿ ಯಾರೂ ಅವಳಿಗೆ ಹೇಳಿಕೊಟ್ಟವರಿಲ್ಲ, ಆದ್ರೆ ಚಿತ್ರ, ಚಿತ್ರ ಬಿಡಿಸ್ತಿದ್ಲು ಅವಳು, ಪುಟ ಬಿಡಿಸಿ ಮೂಲೆ ಬಿಡಿಸಿ ಎಲ್ಲ ತೋರಿಸ್ತಿದ್ಲು, ಹೋಗ್ಲಿ ಮೇಡಂ ಕೈಯಲ್ಲೂ ಒಂದು ಮೊಬೈಲ್ ಇತ್ತೇ ಇತ್ತಲ್ಲ, ಅದರಿಂದ ವಿಡಿಯೋ ಕಾಲ್ ಮಾಡಿ ಮೇಡಂ ಅಂತ ಕೇಳ್ಬಹುದಿತ್ತು, ಹತ್ತು ಸೆಕೆಂಡ್ ಬಾಯಿ ಮುಚ್ಕೊಂಡಿದ್ರೆ ಹೊಳೀತಿತ್ತು, ಮುಚ್ಚಲಿಲ್ಲ, ಬೇಡ ಮೇಡಂ, ಅವಳು ಏನು ಹೇಳ್ತಿದ್ಲು ಅಂತ ನನಗೆ ಗೊತ್ತು, ಅಂದೆ. ನನಗೆ ಗೊತ್ತು. ಏನು ಗೊತ್ತಿತ್ತು, ಏನೂ ಗೊತ್ತಿರ್ಲಿಲ್ಲ, ಒಂದು ಕೈ ಮೇಲೆದ್ದಿದ್ದು ಬಿಟ್ರೆ, ಆದ್ರೆ ನಾಲಿಗೆ ಆಗಲೇ ಹೊರಟಿತ್ತು, ಗಿರಾಕಿ ಬಾಗಿಲವರೆಗೆ ಹೋಗಿ ತಿರುಗಿ ನೋಡಿದಾಗ ಹೊರಡೋ ಹಾಗೆ, ಅದೇ ಪುಸ್ತಕದ ಇನ್ನೊಂದು ಪ್ರತಿ ಹುಡುಕ್ತಾಳೆ ಮೇಡಂ, ಅದೇ ಬಣ್ಣದ ಕಾಗದ ಅಂಟಿಸ್ತಾಳೆ, ಹೋಗಿರೋ ಅಕ್ಷರಾನ ಹಾಗೇ ಅದೇ ಥರ ಬರೆದುಬಿಡ್ತಾಳೆ, ಪ್ರತಿ ಸಿಗದಿದ್ರೂ ಹಿಂದೆಮುಂದೆ ನೋಡಿ ಊಹೆ ಮಾಡಿ ತುಂಬ್ತಾಳೆ, ಹರಿದಿತ್ತು ಅಂತ ಯಾರಿಗೂ ಗೊತ್ತೇ ಆಗಬಾರದು, ಅಷ್ಟು ನೀಟು, ಅಂದೆ, ನೀಟು ಅನ್ನೋ ಮಾತೂ ನಂದೇ, ಆ ಕಡೆ ಹೂಂ ಬರಲಿಲ್ಲ, ಆಮೇಲೆ ಮೇಡಂ, ಅವರೇ ಹೀಗಂದ್ರಾ, ಅಂತ ಕೇಳಿದ್ರು, ಹೂಂ ಮೇಡಂ ಅವಳೇ, ಅಂದೆ, ಸರಿಯಪ್ಪ, ಆಯ್ತು. ಆ ಹೊತ್ತಿಗೆ ಅಕ್ಕ ಅದೇ ರೂಮಲ್ಲಿ, ಸತ್ತ ಫೋನು ಹಿಡಿದು, ಮೇಡಂ ಮುಖ ನೋಡ್ತಾ ನಿಂತಿದ್ದಿರ್ಬೇಕು, ತನ್ನ ಹೆಸರಲ್ಲಿ ಆ ವೈರೊಳಗೆ ಏನು ಹೋಗ್ತಿದೆ ಅಂತ ಗೊತ್ತಿಲ್ಲದೆ, ಕೈ ಕೆಳಗಿಳಿಸಿದ್ಲೋ ಇಲ್ವೋ.

ಮಾತು ಆಡಿದರೆ ಹೋಯ್ತು ಮುತ್ತು ಒಡೆದರೆ ಹೋಯ್ತು ಅಂತ ಅಮ್ಮ ಸಾವಿರ ಸಲ ಹೇಳಿದಾಳೆ, ನಾನು ಅದನ್ನ ಬೈಗುಳದ ಥರ ಕೇಳಿಸ್ಕೊಂಡು ಬಿಟ್ಟಿದೀನಿ, ಮೊನ್ನೆ ಸಂಜೆ ಅಕ್ಕ ಮನೆಗೆ ಬಂದವಳೇ ಫೋನ್ ನನ್ನ ಕೈಗಿಟ್ಟು ತನ್ನ ಎದೆಗೆ ಬೆರಳು ತಾಗಿಸಿದ್ಲು, ನಾನು, ನನ್ನಿಂದ, ಬೆಳಿಗ್ಗೆ ಜಾಸ್ತಿ ಬಳಸಿಬಿಟ್ಟೆ, ನಾನೇ ಖಾಲಿ ಮಾಡಿದ್ದು, ಅಂತ, ನಾನು ಜೋರಾಗಿ ತಲೆ ಆಡಿಸಿದೆ, ಇಲ್ಲ, ಬ್ಯಾಟರಿ, ಬ್ಯಾಟರಿ ಅನ್ನೋಕೆ ನಮ್ಮಲ್ಲಿ ಮುಷ್ಟಿ ಹಿಡಿದು ಫಕ್ಕನೆ ಬಿಚ್ಚೋದು, ದೀಪ ಆರಿದ ಹಾಗೆ, ಎಷ್ಟು ಸಲ ಬಿಚ್ಚಿದೆ ಆ ಮುಷ್ಟಿ, ಕಂಪನಿಗೆ ಬೈದೆ, ಪೋಸ್ಟರಿಗೆ ಬೈದೆ, ಗ್ರಾಹಕರ ದೂರು ವಿಭಾಗಕ್ಕೆ ಇಷ್ಟುದ್ದ ಬರೆದೆ, ದಯವಿಟ್ಟು ಪರದೆಯ ಬೆಳಕು ಕಡಿಮೆ ಇಟ್ಟುಕೊಳ್ಳಿ ಅಂತ ಉತ್ತರ ಬಂತು, ಅದನ್ನ ಅಮ್ಮನಿಗೆ ಓದಿ ಹೇಳಿದೆ, ಎರಡು ದಿನ ಬ್ಯಾಟರೀನ ಎಷ್ಟು ಚೆನ್ನಾಗಿ ಬೈದೆ ಅಂದ್ರೆ ಅದರ ಸದ್ದಲ್ಲಿ ಆ ಹೂಂ ಬಾರದೇ ಇದ್ದದ್ದು ಮರೆತೇಹೋಗಿತ್ತು, ಇವತ್ತು ಹತ್ತಕ್ಕೆ ಮೆಸೇಜ್ ಬಂತು, ಮೇಡಂ ಮೊಬೈಲಿಂದ, ನನ್ನ ನಂಬರಿಗೇ, ಆಯ್ಕೆಯಾಗಿಲ್ಲ, ತಕ್ಷಣ ಫೋನ್ ಮಾಡಿದೆ, ಬ್ಯಾಟರಿ ಹೋಗಿದ್ದಕ್ಕೆ ಹೀಗೆ ಮಾಡೋದು ಸರೀನಾ ಮೇಡಂ, ಅಂದೆ, ಜಗಳಕ್ಕೆ ನಿಂತವನ ಹಾಗೆ, ಮೇಡಂ ಅಷ್ಟೇ ನಿಧಾನವಾಗಿ, ಬ್ಯಾಟರಿಗೂ ಇದಕ್ಕೂ ಏನಪ್ಪ ಸಂಬಂಧ, ಅವರ ಕೈಕೆಲಸ ನೋಡಿ ನಾನು ಅವರನ್ನೇ ತಗೋಬೇಕು ಅಂತಿದ್ದೆ, ಆದ್ರೆ ಹಳೇ ಪುಟದಲ್ಲಿ ಇಲ್ಲದ್ದನ್ನ ಊಹೆ ಮಾಡಿ ಬರೆದು ತುಂಬ್ತೀನಿ ಅನ್ನೋರನ್ನ ನಾವು ಒಳಗೆ ಬಿಡಲ್ಲ, ಅದೊಂದೇ ತಪ್ಪು ಇಲ್ಲಿ ಮಾಡಬಾರದು, ಇನ್ನೊಬ್ಬರು ಇವತ್ತು ಬೆಳಿಗ್ಗೆ ಸೇರಿಕೊಂಡ್ರು, ನಿಮ್ಮ ಅಕ್ಕನಿಗೆ ಹೇಳಪ್ಪ, ಹೊಲಿಗೆ ತುಂಬಾ ಚೆನ್ನಾಗಿತ್ತು ಅಂತ — ಆಗಲೂ ನನಗೆ ಪೂರ್ತಿ ನಾಟಲಿಲ್ಲ, ಯಾಕಂದ್ರೆ ಅಕ್ಕನೂ ಅದನ್ನೇ ಹೇಳ್ತಿದ್ಲೇನೋ ಅಂತ ಒಂದು ಕಡೆ ಜೀವ ಹಿಡ್ಕೊಂಡಿತ್ತು, ಇರ್ಬಹುದಲ್ಲ, ನಾನು ಊಹಿಸಿದ್ದೇ ಸರಿ ಇರ್ಬಹುದಲ್ಲ, ಹಾಗಿದ್ರೆ ನಂದೇನೂ ತಪ್ಪಿಲ್ಲ, ಎದುರುಬದುರು ಕೂತ ಎರಡು ಫೋನನ್ನ ನೋಡ್ತಾ ಕೂತೆ, ಬೇಗ ಸಾಯಿ, ಬೇಗ ಸಾಯಿ.

ಸತ್ತಿತು, ಚೀಟಿ ಬರೆದೆ, ವೈರ್ ಚುಚ್ಚಿದೆ, ಚಾರ್ಜು ನಾಲ್ಕಕ್ಕೆ ಬಂದ ಮೇಲೆ ಆನ್ ಮಾಡಿ ಬ್ಯಾಟರಿ ಎಲ್ಲಿ ಖರ್ಚಾಯ್ತು ಅಂತ ತೋರಿಸೋ ಪುಟ ತೆಗೆದೆ, ಫೋಟೋ ಹೊಡೆದು ಕಂಪನಿಗೆ ಕಳ್ಸೋಣ ಅಂತ, ಮೊನ್ನೆಯ ಗೀಟು ಒತ್ತಿದೆ, ವಿಡಿಯೋ ಕಾಲ್ ಐವತ್ತೆಂಟು ನಿಮಿಷ, ಸರಿ, ಅದು ನಾನು, ಅದರ ಮೇಲೆ ಕ್ಯಾಮೆರಾ, ಒಂದು ಗಂಟೆ ಮೂವತ್ತೆರಡು ನಿಮಿಷ, ಕ್ಯಾಮೆರಾ ಯಾಕೆ, ಒಂದೂವರೆ ಗಂಟೆ ಅಕ್ಕ ಏನು ಫೋಟೋ ಹೊಡೀತಿದ್ಲು ಬೆಳ್ಳಂಬೆಳಿಗ್ಗೆ, ಗ್ಯಾಲರಿ ತೆಗೆದ್ರೆ ಏಳು ವಿಡಿಯೋ, ಬಚ್ಚಲ ಪಕ್ಕದ ಗೋಡೆ, ಅದರ ಮುಂದೆ ಅಕ್ಕ, ಇಂಟರ್‌ವ್ಯೂಗೆ ಹಾಕ್ಕೊಂಡ ಅದೇ ನೀಲಿ ಬಟ್ಟೆ, ತಲೆ ಇನ್ನೂ ಒದ್ದೆ, ಏಳು ಪ್ರಶ್ನೆ ಅವಳೇ ಊಹಿಸಿ ಏಳು ಉತ್ತರ, ಒಂದೊಂದನ್ನೂ ತಪ್ಪಿದಾಗ ಅಳಿಸಿ ಮತ್ತೆ ತೆಗೆದು, ನನಗೆ ಗೊತ್ತಾಗಲಿ ಅಂತ ಕೈ ನಿಧಾನ, ಚಿಕ್ಕ ಮಗುವಿಗೆ ತಿನ್ನಿಸೋ ಅಷ್ಟು ನಿಧಾನ, ಮೊದಲನೇದರಲ್ಲಿ ಕೊಕ್ಕು ಮಾಡ್ತಾಳೆ, ವಟವಟ, ನಿಧಾನವಾಗಿ ನೋಡು, ಆಮೇಲೆ ಹೇಳು — ಇವನ್ನ ನಾನು ಎಲ್ಲೋ ನೋಡಿದೀನಿ ಅನ್ನಿಸ್ತು, ನೋಡಿರ್ಲಿಲ್ಲ, ನನ್ನ ಫೋನ್ ತೆಗೆದು ಅಕ್ಕನ ಚಾಟ್ ಮೇಲಕ್ಕೆ ಎಳೆದೆ, ಮೊನ್ನೆ ಬೆಳಿಗ್ಗೆ ಏಳೂ ಐವತ್ತು, ಏಳು ಬೂದು ಚೌಕ, ಒಂದೊಂದರ ಮಧ್ಯೆ ಕೆಳಮುಖ ಬಾಣ, ಡೌನ್‌ಲೋಡ್ ಮಾಡಿಲ್ಲ, ಅದರ ಕೆಳಗೆ ನಾನು ಕಳಿಸಿದ ಹೆಬ್ಬೆರಳು, ಏಳೂ ಐವತ್ತೊಂದಕ್ಕೆ, ನೋಡಿದೆ, ಸೂಪರ್ ಅನ್ನೋ ಹೆಬ್ಬೆರಳು, ಒಂದು ನಿಮಿಷದಲ್ಲಿ, ಬಸ್ಸಲ್ಲಿ ನಿಂತು, ಯಾರಿಗೋ ಆಫರ್ ಮೆಸೇಜ್ ಟೈಪ್ ಮಾಡ್ತಾ, ಅಂದ್ರೆ ಅಕ್ಕ ಅಂದ್ಕೊಂಡಿದಾಳೆ, ಮೊನ್ನೆಯಿಂದ ಇವತ್ತಿನವರೆಗೂ ಅಂದ್ಕೊಂಡಿದಾಳೆ, ತಮ್ಮ ನೋಡಿದಾನೆ, ಉತ್ತರ ಅವನಿಗೆ ಗೊತ್ತಿತ್ತು, ಫೋನ್ ಸತ್ರೂ ಅವನು ಸರಿಯಾಗೇ ಹೇಳಿರ್ತಾನೆ. ಆರನೇ ವಿಡಿಯೋ. ಎಡಗೈ ಪುಟ. ಬಲಗೈ ಮೂಲೆಯಿಂದ ಎದ್ದು ಎದೆ ಎತ್ತರಕ್ಕೆ, ಬೆರಳು ಒಂಚೂರು ಬಾಗಿ, ಅಲ್ಲಿ ನಿಲ್ಲಲ್ಲ ಇದರಲ್ಲಿ, ಕೆಳಗಿಳಿಯುತ್ತೆ, ಎಷ್ಟು ಹಗುರ, ಈರುಳ್ಳಿ ಸಿಪ್ಪೆಯಷ್ಟು ತೆಳು ಕಾಗದವನ್ನ ಖಾಲಿ ಮೂಲೆ ಮೇಲೆ ಮಲಗಿಸಿದ ಹಾಗೆ ಇಳಿಯುತ್ತೆ, ಆಮೇಲೆ ಪೆನ್ನು ಹಿಡಿದ ಸನ್ನೆ, ಆ ಪೆನ್ನನ್ನ ಬದಿಗೆ ಇಡ್ತಾಳೆ, ತಲೆ ಅಡ್ಡ ಆಡಿಸ್ತಾಳೆ, ಬರೆಯಲ್ಲ, ಖಾಲಿ ಇದ್ದದ್ದು ಖಾಲಿಯಾಗೇ ಇರಲಿ, ಮಿಕ್ಕಿದ್ದು ಇನ್ನಷ್ಟು ಹರಿಯದೆ ಇದ್ರೆ ಸಾಕು, ಇಲ್ಲದ ಮಾತು ನಂದಲ್ಲ. ಇಲ್ಲದ ಮಾತು ನಂದಲ್ಲ, ಅಂತ ಕೈಯಲ್ಲಿ ಹೇಳಿ, ಕ್ಯಾಮೆರಾ ಆಫ್ ಮಾಡೋಕೆ ಮುಂದೆ ಬಂದು, ನಗ್ತಾಳೆ, ಮೂವತ್ತು ಸೆಕೆಂಡಿನ ವಿಡಿಯೋ, ಬಸ್ ಒಂದು ಸಿಗ್ನಲಲ್ಲಿ ನಿಲ್ಲೋ ಹೊತ್ತು.

ಹತ್ತೊಂಬತ್ತು ಆಯ್ತು, ಹನ್ನೆರಡೂ ನಲವತ್ತು, ಒಬ್ಬರು ಹಿರಿಯರು ಡೆಮೊ ಫೋನ್ ಎತ್ತಿ ವೈರ್ ಎಳೆದು ನೋಡ್ತಿದಾರೆ, ಕನ್ನಡಕ ಹಣೆ ಮೇಲೆ, ಏನಪ್ಪ ಇದು, ಕಟ್ಟಿಹಾಕಿದೀರಲ್ಲ, ಕಚ್ಚುತ್ತಾ, ಅಂತಾರೆ, ನಗಬೇಕಿತ್ತು ನಾನು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತಾರೆ, ಬಾಯಿ ತೆಗೆದೆ, ಎರಡು ಅನ್ನೋದು ನಾಲಿಗೆ ತುದಿಗೆ ಬಂದು ನಿಂತಿತು, ಗೊತ್ತಿಲ್ಲ ಸರ್, ಅಂದೆ, ಯಜಮಾನ್ರು ಗಲ್ಲಾದಿಂದ ತಲೆ ಎತ್ತಿದ್ರು, ಗೊತ್ತಿಲ್ವಾ, ಅಂಗಡೀಲಿ ನಿಂತು ಗೊತ್ತಿಲ್ಲ ಅಂತೀಯಲ್ಲೋ, ಹುಷಾರಾಗಿದೀಯಾ, ವೈರ್ ಕಿತ್ತು ನೋಡಿಲ್ಲ ಸರ್ ಯಾವತ್ತೂ, ಅಂದೆ, ಹಿರಿಯರು ನನ್ನನ್ನೇ ನೋಡಿದ್ರು, ಪಾಪ ಅನ್ನೋ ಥರ, ಫೋನ್ ಕೆಳಗಿಟ್ಟು ಹೋದ್ರು, ಹೋಗ್ಲಿ — ಮೇಡಮ್ಮಿಗೆ ಆ ವಿಡಿಯೋ ಕಳ್ಸಿದೀನಿ, ಐದು ನಿಮಿಷ ಆಯ್ತು, ಸುಳ್ಳು ಹೇಳಿದ್ದು ನಾನು, ಅವಳಲ್ಲ, ಅಂತ ಕೆಳಗೆ ಬರೆದು, ನೋಡಿದೆ ಅಂತ ಎರಡು ನೀಲಿ ಗುರುತು ಬಂತು, ಉತ್ತರ ಬಂದಿಲ್ಲ, ಬಂದ್ರೂ ಏನು, ಜಾಗ ಹೋಯ್ತು, ಸೇರಿದವರು ಈಗ ಅವಳ ಕುರ್ಚೀಲಿ ಕೂತು ಅವಳ ನೂರು ವರ್ಷದ ಪುಟ ತಿರುಗಿಸ್ತಿರ್ತಾರೆ, ಮುಂದಿನ ಸಲ ಖಾಲಿ ಆಗೋ ಹೊತ್ತಿಗೆ ಅಕ್ಕನಿಗೆ ನಲವತ್ತೆರಡು, ಹೇಳದೇ ಇದ್ರೆ ಏನಾಗುತ್ತೆ, ಬ್ಯಾಟರಿ ಅಂದ್ರೆ ಏನಾಗುತ್ತೆ, ಏನೂ ಆಗಲ್ಲ, ಚೀಟಿ ಇದೆ, ಮೂರು ಗಂಟೆ ಐವತ್ತು ನಿಮಿಷ, ಎರಡು ಗೀಟು ಎಳ್ದಿದೀನಿ, ಆದ್ರೆ ಹಾಗಂದ್ರೆ ಅವಳು ತನ್ನ ಎದೆಗೇ ಬೆರಳು ಇಟ್ಕೊಂಡು ಇರ್ತಾಳೆ, ನಾನೇ ಖಾಲಿ ಮಾಡಿದ್ದು, ನನಗೆ ಅಂತ ತೆಗೆದ ವಿಡಿಯೋದಲ್ಲಿ, ನನ್ನ ಸಲುವಾಗಿ ನಿಧಾನ ಮಾಡಿದ ಕೈಯಲ್ಲಿ ಖಾಲಿ ಆಗಿದ್ದಕ್ಕೆ ಅವಳು ಜೀವಮಾನ ಪೂರ್ತಿ ತನ್ನನ್ನ ಬೈಕೊಳ್ತಾಳೆ, ಇಪ್ಪತ್ತೊಂದು, ಇಪ್ಪತ್ತೊಂದೇ.

ಗಾಜಿನಾಚೆ ನೀಲಿ, ಹನ್ನೆರಡೂ ಐವತ್ತೇ ಇನ್ನೂ, ಬೇಗ ಬಂದಿದಾಳೆ, ಕೈಬೆರಳಲ್ಲಿ ಹೊಸ ಅಂಟು, ಬಾಗಿಲು ತಳ್ಳಲ್ಲ, ಅಲ್ಲೇ ನಿಂತಳು, ಗದ್ದ ಎತ್ತಿದ್ಲು, ಎರಡೂ ಅಂಗೈ ಬಿಚ್ಚಿದ್ಲು, ಏನಾಗಿತ್ತು ಇದಕ್ಕೆ, ಮುಷ್ಟಿ ಹಿಡಿದು ಬಿಚ್ಚಿದ್ರೆ ಬ್ಯಾಟರಿ, ಬೆರಳು ಎದೆಗೆ ತಾಗಿದ್ರೆ ನಾನು, ಇಷ್ಟೇ, ಎರಡೇ ಸನ್ನೆ, ಒಂದು ಗಾಳೀಲಿ ಮುಗಿಯುತ್ತೆ, ಇನ್ನೊಂದು ಇಲ್ಲಿ, ಬಾಯಿ ಇಷ್ಟು ಹೊತ್ತು ಓಡಿತು, ಕೈ ಓಡಲ್ಲ, ಕೈ ಭಾರ, ಎತ್ತಿದೆ, ಮುಷ್ಟಿ ಅಲ್ಲ, ಒಂದು ಬೆರಳು ಹೊರಗೆ, ಕೌಂಟರ್ ಮೇಲೆ ಎಡಗೈ ಚಪ್ಪಟೆ ಬಿದ್ದಿದೆ, ಬಲಗೈ ಅದರ ಮೂಲೆಯಿಂದ ಎದ್ದು ಎದೆ ಎತ್ತರಕ್ಕೆ ಬಂತು, ತಾಗಿಲ್ಲ ಇನ್ನೂ, ಅವಳು ನೋಡ್ತಿದಾಳೆ, ಹುಬ್ಬು ಎತ್ತಲ್ಲ, ತಾನೇ ಏನೋ ಒಂದು ಅಂದ್ಕೊಂಡು ತಲೆ ಆಡಿಸಲ್ಲ, ಊಹಿಸಲ್ಲ ಅವಳು, ತುಂಬಿಸಲ್ಲ, ಕಾಯ್ತಾಳೆ, ಗಾಜಿನಾಚೆ ಕಾಯ್ತಾ ನಿಂತಿದಾಳೆ, ಎಡಗೈ ಪುಟ, ಬಲಗೈ ಅರ್ಧಕ್ಕೆ, ಬೆರಳು ಒಂಚೂರು ಬಾಗಿ, ಎಡಗೈ ಪುಟ, ಬಲಗೈ ಅರ್ಧಕ್ಕೆ, ಬಲಗೈ